ಪರಶೂನ ಮಿಣುಕು ಲೈಟು

ಅದನ್ನ ಕೆಳಗಿಡು ಇಸ್ಮಾಯಿಲ. ಅದು ಮಾರೂ ಲೈಟಲ್ಲ. ನಸುಕಿನ್ಯಾಗ ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗಾಂವ ನೀ, ನಿನಗ ಮಿಣುಕೂದು ಬ್ಯಾಡ. ಈ ದೊಡ್ಡದು ಒಯ್ಯಿ, ನಿಂತು ಉರಿಯೂದು. ಮಿಣುಕೂದೇ ತರ್ರಿ ಅಂತ ನಿನ್ನ ಹೇಣ್ತಿ ನಾಜಿಮಾ ಹೇಳ್ಯಾಳಂದ್ರ ನಾನೇ ಬಂದು ಆಕಿಗೆ ತಿಳಿಸಿ ಹೇಳ್ತೇನಿ... ಬ್ಯಾಡ ಅಂದ್ರ ಬ್ಯಾಡ. ಯಾಕ ಅಂತ ಕೇಳ್ತೀಯಲ್ಲ, ಕುಂದರು ಹಂಗಾದ್ರ. ಬಾಗಿಲಾ ಅರ್ಧಾ ಎಳದು ಬರ್ತೇನಿ. ನಗಬ್ಯಾಡ ಮತ್ತ. ಮೂವತ್ತು ವರ್ಷ ಆತು ನಾ ಟ್ಯೂಬಿಗೆ ಗಾಳಿ ಹಾಕಾಕತ್ತು, ಮಾತಿಗೆ ಗಾಳಿ ಹಾಕಾಂವಲ್ಲ ಈ ಯಲ್ಲಾಲಿಂಗ.

ನಮ್ಮ ಕಾಕಾನ ಮಗ ಪರಶು ನಿನಗ ಗೊತ್ತಿದ್ದ. ಹೋದ ವರ್ಷ ಬ್ಯಾಸಗ್ಯಾಗ ಕರೆಂಟ್ ಹೊಡದು ಹೋದ, ಅದು ಮೋರಟಗಿ ಮಂದಿಗೆಲ್ಲಾ ಗೊತ್ತು. ಆದ್ರ ಆ ರಾತ್ರಿ ಅಂವ ನನ್ನ ಕೂಡ ಮಾತಾಡ್ಯಾನ. ಸತ್ತ ಮ್ಯಾಲ ಮಾತಾಡ್ಯಾನ... ಅದು ನನಗ, ಅವನಿಗೆ ಇಬ್ಬರಿಗೇ ಗೊತ್ತು.

ಅವತ್ತು ನಾ ಇಂಡಿ ಪ್ಯಾಟಿಗಿ ಅಂಗಡಿ ಸಾಮಾನು ತರಾಕ ಹೋಗಿದ್ದೆ. ಸಂಜಿಮುಂದ ಆ ಪರಿ ಗಾಳಿ ಬಿಟ್ಟಿತು, ನೆನಪೈತಿಲ್ಲ? ಹಾದ್ಯಾಗ ಗಿಡ ಬಿದ್ದು ಬಸ್ಸು ಮೂರು ತಾಸು ನಿಂತ್ಕೊಂತು. ನನ್ನ ಕ್ರಾಸಿನ್ಯಾಗ ಇಳಿಸಿದಾಗ ಹನ್ನೆರಡು ದಾಟಿತ್ತು. ಊರಾಗ ಕರೆಂಟಿಲ್ಲ. ಫೋನ್ ಸತ್ತಿತ್ತು. ಸೈಕಲ್ ಅಂಗಡಿ ಮಾಲಕ, ಹೆಗಲಿಗೆ ಎರಡು ಹೊಸಾ ಟೈರ್ ಹಾಕ್ಕೊಂಡು ನಡಕೋತ ಬರಾಕತ್ತಿದ್ದೆ. ನೋಡು ನಮ್ಮ ಹಣೇಬರ.

ಹಾಳಬಾವಿ ಮಗ್ಗಲದಾಗ ಆಲದ ಗಿಡ ಐತಲ್ಲ, ಹೊಲದ ದಾರಿ ಬಂದು ರಸ್ತೇಕ ಕೂಡೂದು ಅಲ್ಲೇ. ಅಲ್ಲಿಂದ ಊರತನಕಾ ಏರು. ನಾ ಗಿಡದ ಬುಡಕ ಬಂದಾಗ ಒಂದು ಎಲಿ ಅಳ್ಳಾಡ್ತಿರ್ಲಿಲ್ಲ. ಬಾವ್ಯಾಗ ಕಪ್ಪಿ ಸುದ್ದಾ ಒದರ್ತಿರ್ಲಿಲ್ಲ. ಬಾವಿ ಮ್ಯಾಲಿನ ನೀರು ಸೇದೂ ಹಳೇ ಗಡಗಡಿ ಮಾತ್ರ ಕಿರ್ರ್... ಕಿರ್ರ್... ಅಂತಿತ್ತು. ಗಾಳಿ ನಿಂತು ಎಷ್ಟೋ ತಾಸಾಗಿತ್ತು. ಅದ್ಯಾಕ ತಿರಗತೈತಿ ಅಂತ ನನಗ ಆಗ ಹೊಳೀಲಿಲ್ಲ, ಹಸಿವ್ಯಾಗ ಮನಿ ಒಂದೇ ಕಾಣ್ತಿತ್ತು.

ತಡಿ... ಲೈಟಿನ ಮಾತು ಮೊದಲ ಹೇಳ್ಬೇಕು, ಇಲ್ಲಂದ್ರ ಮುಂದಿಂದು ನಿನಗ ತಿಳಿಯೂದಿಲ್ಲ.

ಪರಶೂಂದು ನಾಕ ಎಕರೆ ಲಿಂಬಿ ತೋಟ. ಹೊಲದ ಲೈನ್ ಊರಿಂದ ಬ್ಯಾರೆ, ಅದಕ್ಕ ಕರೆಂಟ್ ಬರೂದು ರಾತ್ರಿ ಹನ್ನೊಂದಕ್ಕ, ಹೋಗೂದು ನಸುಕಿನ ನಾಕಕ್ಕ. ಹನ್ನೊಂದರ ಸುಮಾರಿಗೆ ಸೈಕಲ್ ಹತ್ತಿ ಹೋಗಿ, ಮೋಟರ್ ಚಾಲೂ ಮಾಡಿ, ಗಿಡಕ್ಕ ನೀರು ತಿರುವಿ ಒಂದರೊಳಗ ಮನಿಗಿ ಬರ್ತಿದ್ದ. ಸುವರ್ಣಾ, ಅವನ ಹೇಣ್ತಿ, ಅಂವ ಬರೂತನಕಾ ಮಾಳಿಗಿ ಮ್ಯಾಲ ಕುಂತಿರಾಕಿ. ಒಂದು ದಾಟಿತಂದ್ರ ಮುಗೀತು... ಎರಡು ವರ್ಷದ ಮಗಳನ್ನ ಬಗಲಾಗ ಎತ್ಕೊಂಡು ಬರಿಗಾಲಲೇ ಹೊಲದ ದಾರಿ ಹಿಡಿಯಾಕಿ. ಎರಡು ಸಲ ಹಂಗ ಮಾಡಿದ್ಳು. ಎರಡನೇ ಸಲ ಕಾಲ ಮ್ಯಾಲಿಂದ ಹಾವು ಹಾದು ಹೋತಂತ. ಮರುದಿನಾನ ಪರಶು ಆಕಿನ್ನ ಕರಕೊಂಡು ಇಲ್ಲಿಗಿ ಬಂದ. ಇಕಿ ಮನಿ ಬಿಟ್ಟು ಹೊರಗ ಬರಬಾರದು, ಅಂಥಾದ್ದೊಂದು ಲೈಟ್ ಕೊಡಣ್ಣಾ ಅಂದ.

ನಾ ಮೂರು ನಮೂನಿ ತಗದಿಟ್ಟೆ. ಒಂದು ಡೈನಮೋ, ಗಾಲಿ ತಿರುಗಿದ್ರ ಉರೀತೈತಿ, ನಿಂತ್ರ ಆರ್ತೈತಿ. ಒಂದು ಈ ದೊಡ್ಡದು, ದಾರಿ ತುಂಬ ಬೆಳಕು ಚೆಲ್ಲೂದು. ಇನ್ನೊಂದು ನೀ ಈಗ ಹಿಡದಿದ್ದ್ಯಲ್ಲ, ಅದು. ಗುಂಡಿ ಒಮ್ಮೆ ಒತ್ತಿದ್ರ ನಿಂತು ಉರೀತೈತಿ, ಎರಡು ಸಲ ಒತ್ತಿದ್ರ ಮಿಣುಕ್ತೈತಿ. ನಾ ದೊಡ್ಡದು ಒಯ್ಯಿ ಅಂತ ಗಂಟು ಬಿದ್ದೆ. ಸುವರ್ಣಾ ಮೂರನ್ನೂ ತಿರುವ್ಯಾಡಿ ನೋಡಿದ್ಳು. ನಮ್ಮ ಮಾಳಿಗಿ ಮ್ಯಾಲಿಂದ ಯಾವುದು ಗುರ್ತ ಸಿಗತೈತ್ರಿ ಅಂತ ಕೇಳಿದ್ಳು. ಹೊಲದ ಕಡಿ ರಾತ್ರಿ ಹತ್ತು ಮಂದಿ ಬ್ಯಾಟರಿ ಹಿಡಕೊಂಡು ಓಡಾಡ್ತಾರ, ಅವರಾಗ ಪರಶೂಂದು ಯಾವುದು ಅಂತ ಆಕಿಗೆ ಗೊತ್ತಾಗ್ಬೇಕು. ಲೈಟ್ ಇರೂದು ದಾರಿ ನೋಡಾಕವ್ವಾ ಅಂದೆ ನಾ.

"ದಾರಿ ಅವರಿಗೆ ಗೊತ್ತೈತ್ರಿ ಭಾವಾರ," ಅಂದ್ಳು. "ನನಗ ಅವರು ಕಾಣಬೇಕು."

ಅಂದು ಮಿಣುಕೂದು ಕೈಯಾಗ ತಗೊಂಡ್ಳು.

ಮಿಣುಕು ಲೈಟಿನ್ಯಾಗ ದಾರಿ ತುಣುಕ ತುಣುಕ ಕಾಣ್ತೈತಿ, ನಡುವಿಂದು ಕಾಣೂದಿಲ್ಲ. ಇದನ್ನ ನಾ ಹೇಳಿದೆ. ಒಮ್ಮೆ ಹೇಳಿದೆ. ಆ ದಾರಿ ಕಣ್ಣು ಮುಚ್ಚಿ ತುಳೀತೇನಣ್ಣಾ, ನೀ ಕಟ್ಟು ಅಂತ ಪರಶು ನಕ್ಕ. ಹೇಣ್ತಿ ಹೇಳಿದಂಗ ಕುಣಿಯೋ ಅಂತ ನಾನೂ ನಕ್ಕೆ, ಹ್ಯಾಂಡಲ್ಲಿಗೆ ರಬ್ಬರ್ ಪಟ್ಟಿ ಹಾಕಿ ಕಟ್ಟಿ ಕೊಟ್ಟೆ. ಎರಡನೇ ಸಲ ಹೇಳಲಿಲ್ಲ ಇಸ್ಮಾಯಿಲ. ಎರಡನೇ ಸಲ ಹೇಳಿದ್ರ ನನ್ನ ಗಂಟೇನು ಹೋಗ್ತಿತ್ತು...

ಮನ್ಯಾಗ ಬಾಗಿಲ ಮ್ಯಾಲ ಅದಕ್ಕೊಂದು ಮೊಳಿ ಹೊಡದಿದ್ದ. ಬರೂದೇ ತಡ, ಹ್ಯಾಂಡಲ್ಲಿಂದ ಬಿಚ್ಚಿ ಆ ಮೊಳಿಗೆ ಹಾಕಾಂವ. ಕೂಸಿಗೆ ಸಿಗಬಾರದಂತ ಎತ್ತರಕ್ಕ ಹೊಡದಿದ್ದ. ಅಂವ ಆರಡಿ ಆಳು, ಕೈ ಎತ್ತಿದ್ರ ಸಾಕು. ಸುವರ್ಣಾ ಕಾಳಿನ ಡಬ್ಬಿ ಮ್ಯಾಲ ನಿಂತ್ರೂ ನಿಲುಕತಿರ್ಲಿಲ್ಲ.

ನಾಕ ತಿಂಗಳು ಚಂದ ನಡೀತು. ಆಕಿ ಮಾಳಿಗಿ ಮ್ಯಾಲಿಂದ ನೋಡಾಕಿ, ಮಿಣುಕ ಮಿಣುಕ ಬರೂದು ಕಂಡ್ರ ಕೆಳಗಿಳದು ರೊಟ್ಟಿ ಬಡಸಾಕಿ. ಒಂದು ದಿನಾನೂ ಹೊಲದ ದಾರಿ ಹಿಡೀಲಿಲ್ಲ.

ಈಗ ಆ ರಾತ್ರಿಗಿ ಬರೋಣು.

ಏರು ಅರ್ಧಾ ಏರಿದ್ದೆ. ಹಿಂದಿನಿಂದ ಬೆಳಕು ಬಂತು. ನನ್ನ ನೆರಳು ಮುಂದ ಬಿತ್ತು... ಹೋತು... ಬಿತ್ತು... ಹೋತು. ಹೆಗಲ ಮ್ಯಾಲಿನ ಟೈರ್ ಸುದ್ದಾ ನೆರಳಿನ್ಯಾಗ ಕಾಣ್ತಿದ್ದು. ಪರಶು ಬಂದ ಅಂತ ಜೀವಕ್ಕ ಸಮಾಧಾನ ಆತು. ಟಿಕ್ ಟಿಕ್ ಟಿಕ್ ಟಿಕ್... ಅಂತ ಹಿಂದಿನ ಗಾಲಿ ಫ್ರೀವೀಲ್ ಸಪ್ಪಳ ಮಾಡಕೋತ ಸೈಕಲ್ ಮಗ್ಗಲಿಗಿ ಬಂತು. ಬೆಳಕಿನ ಹಿಂದ ಆಳು ಕಾಣಲಿಲ್ಲ.

"ಏನೋ ಪರಶು, ನೀರು ತಿರುವಿ ಬಂದ್ಯಾ?"

"ಹೂಂ ಅಣ್ಣಾ." ದನಿ ಸಣ್ಣದಿತ್ತು, ಮಗ್ಗಲದಾಗ ಯಾರೋ ಮಲಗ್ಯಾರನ್ನೂವಂಗ.

"ನಿಲ್ಲೋ, ಹಿಂದ ಕುಂದರ್ತೇನಿ. ಕಾಲು ಬಿದ್ದು ಹೋಗ್ಯಾವ."

"ಬ್ಯಾಡಣ್ಣಾ..." ಅಂದ. "ಆಕಿ ಎದ್ದು ಕುಂತಿರ್ತಾಳ."

ನಿಲ್ಲಲಿಲ್ಲ. ಟಿಕ್ ಟಿಕ್ ಟಿಕ್... ಏರು ಹತ್ತಿ ಹೋಗೇ ಬಿಟ್ಟ.

ನನಗ ಸಿಟ್ಟು ನೆತ್ತಿಗೇರ್ತು. ಸಣ್ಣಾಂವಿದ್ದಾಗ ಇವನ್ನ ನನ್ನ ಸೈಕಲ್ ಮ್ಯಾಲ ಕುಂದರಿಸಿಕೊಂಡು ಸಾಲಿಗಿ ಬಿಟ್ಟಾಂವ ನಾ. ಹೇಣ್ತಿ ಬಂದ ಮ್ಯಾಲ ಅಣ್ಣ ಬ್ಯಾಡಾದ್ನೇನು ಅಂದೆ. ಹಾಳಾಗಿ ಹೋಗು ಅಂದೆ, ಬಾಯಿ ತುಂಬ ಅಂದೆ. ಬೈಕೋತನ ಮನಿಗಿ ಹೋಗಿ ಮಲಗಿದೆ.

ನಸುಕಿನ್ಯಾಗ ಹೊಲಕ್ಕ ಹೋಗಿದ್ದ ಬಸಂತರಾಯ ಒದರಿಕೋತ ಬಂದ. ಓಡಿ ಹೋದ್ವಿ... ಸಂಜಿ ಗಾಳಿಗಿ ತಂತಿ ಹರದು ಪರಶೂನ ತೋಟದ ಬಾಯಾಗ ದಾರಿಗಡ್ಡ ಬಿದ್ದಿತ್ತು. ಹನ್ನೊಂದಕ್ಕ ಅದರಾಗ ಕರೆಂಟ್ ಬಂದೈತಿ. ಅಂವ ಅದರ ಮ್ಯಾಲೇ ಹೋಗಿದ್ದ. ಸೈಕಲ್ ಅವನ ಮೈಮ್ಯಾಲ ಬಿದ್ದಿತ್ತು.

ನಾ ಹೊಡಕೊಂಡು ಅತ್ತೆ. ಆಮ್ಯಾಲ ಮೋಟರ್ ಕಡಿ ಲಕ್ಷ್ಯ ಹೋತು. ಮೋಟರ್ ಚಾಲೂನ ಮಾಡಿರ್ಲಿಲ್ಲ. ಲಿಂಬಿ ಗಿಡದ ಬುಡ ಎಲ್ಲಾ ಒಣಗಿ ಬಿರಕು ಬಿಟ್ಟಿದ್ದು, ಒಂದು ಹನಿ ನೀರು ಹರದಿಲ್ಲ. ಅಂದ್ರ ಅಂವ ಹೋಗೂವಾಗ ಸತ್ತಾನ, ಬರೂವಾಗಲ್ಲ. ಹನ್ನೊಂದು, ಹನ್ನೊಂದೂಕಾಲು. ನನ್ನ ಕೂಡ ಮಾತಾಡಿದಾಗ ಹನ್ನೆರಡೂವರಿ ಮ್ಯಾಲಾಗಿತ್ತು.

ಅಲ್ಲೇ ನಿಂತಾಗ ಇನ್ನೊಂದು ಹೊಳೀತು. ಫ್ರೀವೀಲ್ ಟಿಕ್ ಟಿಕ್ ಅನ್ನೂದು ಪೆಡಲ್ ತುಳಿಯೂದು ಬಿಟ್ಟಾಗ. ಇಳಿಜಾರಿನ್ಯಾಗ. ಅಂವ ಬಂದದ್ದು ಏರಿನ್ಯಾಗ... ಏರಿನ್ಯಾಗ ತುಳಿಯದ ಸೈಕಲ್ ಹೋಗ್ತೈತೇನು, ನೀನೇ ಹೇಳು.

ಹ್ಯಾಂಡಲ್ ನೋಡಿದೆ. ಲೈಟ್ ಇರ್ಲಿಲ್ಲ. ಮಂದಿ ಅಂದ್ರು, ಮನ್ಯಾಗ ಮರತು ಬಂದಾನ, ಕತ್ತಲದಾಗ ತಂತಿ ಕಂಡಿಲ್ಲ. ಮುಂದ ಹೊತ್ತೇರಿದ ಮ್ಯಾಲ ಪಂಚನಾಮೇಕ ಬಂದವರೂ ಹಂಗೇ ಬರಕೊಂಡ್ರು.

ಸುವರ್ಣಾಗ ಹೇಳಾಕ ನನ್ನ ಕಳಿಸಿದ್ರು. ಆಕಿ ಬಾಗಿಲದಾಗ ನಿಂತಿದ್ಳು, ಕೈಯಾಗ ರೊಟ್ಟಿ ತಾಟು. ನಾ ಬಾಯಿ ತೆಗಿಯೂಕಿಂತ ಮೊದಲ ಆಕೀನ ಶುರು ಮಾಡಿದ್ಳು. "ಭಾವಾರ, ಅವರು ರಾತ್ರಿ ಬಂದ್ರು, ಉಂಡೇ ಇಲ್ಲ ನೋಡ್ರಿ. ಮತ್ತ ಎಲ್ಲಿಗಿ ಹೋದ್ರೇನೋ..." ಮಾಳಿಗಿ ಮ್ಯಾಲಿಂದ ಲೈಟ್ ಹೋಗೂದೂ ನೋಡಿದ್ಳಂತ, ಬರೂದೂ ನೋಡಿದ್ಳಂತ. ಕೆಳಗಿಳದು ಬಡಿಸಿಟ್ಟು ಕೂಸಿನ ಮಗ್ಗಲಾಗ ಅಡ್ಡಾದಾಕಿಗೆ ಅಂಗಳದಾಗ ಸ್ಟ್ಯಾಂಡ್ ಹಾಕಿದ್ದು ಖಣ್ ಅಂತ ಕೇಳೇತಿ. ಕೊಡದಾಗಿನ ನೀರು ಬಳಬಳ ಕಾಲಿಗಿ ಹಾಕ್ಕೊಂಡದ್ದು ಕೇಳೇತಿ. ರೊಟ್ಟಿ ಮುಚ್ಚಿಟ್ಟೇನ್ರಿ, ಉಣ್ರಿ ಅಂದ್ಳಂತ. ಹೂಂ, ನೀ ಮಲಕೊ ಅಂದನಂತ. ಅಷ್ಟ ಅಂದದ್ದೇ ತಡ ಕಲ್ಲು ಬಿದ್ದಂಗ ನಿದ್ದಿ ಬಂತಂತ, ಲಗ್ನ ಆದ ಮ್ಯಾಲ ಅಂಥಾ ನಿದ್ದಿ ಮಾಡಿಲ್ಲಂತ.

ಇದನ್ನೆಲ್ಲಾ ಕೇಳಿಸಿಕೊಂಡು ಆಮ್ಯಾಲ ನಾ ಹೇಳಬೇಕಾತು. ಹೆಂಗ ಹೇಳಿದೆ ಅಂತ ಕೇಳಬ್ಯಾಡ. ಆ ತಾಟು ಬಿದ್ದ ಸಪ್ಪಳ ನನಗ ಇನ್ನೂ ಕೇಳ್ತೈತಿ.

ತಿಂಗಳಾದ ಮ್ಯಾಲ ಒಂದಿನ ಮಧ್ಯಾಹ್ನ ಅಂಗಡಿಗಿ ಬಂದ್ಳು. ನೀ ಕುಂತೀಯಲ್ಲ, ಅಲ್ಲೇ ಕುಂತ್ಳು. ಸೆರಗಿನ್ಯಾಗಿಂದ ಲೈಟ್ ತಗದು ಮುಂದಿಟ್ಳು.

"ಭಾವಾರ, ಖರೆ ಹೇಳ್ರಿ. ನಿಂತು ಉರಿಯೂದು ಕಟ್ಟಿದ್ರ ಅವರಿಗೆ ತಂತಿ ಕಾಣ್ತಿತ್ತೇನು?"

ಗಿರಾಕಿ ಮುಂದ ನಾ ಸುಳ್ಳು ಹೇಳಿದಾಂವಲ್ಲ. ಹಳೇ ಚೈನಿಗೆ ಹಳೇದು ಅಂತೇನಿ, ಅದಕ್ಕ ಅರ್ಧಾ ಊರು ನನ್ನ ಕಂಡ್ರ ಮಾರಿ ತಿರುವ್ತೈತಿ. ಅವತ್ತು ಹೇಳಿದೆ.

"ಇಲ್ಲವ್ವಾ. ಕಾಣ್ತಿರ್ಲಿಲ್ಲ."

ನನ್ನ ಮಾರಿ ನೋಡಿದ್ಳು. ಸುಳ್ಳು ಅಂತ ಆಕಿಗೆ ಗೊತ್ತಾತು. ಗೊತ್ತಾಗೇತಿ ಅಂತ ನನಗೂ ಗೊತ್ತಾತು.

"ಆರಿಸಿದಾಕಿ ನಾನೇ ಅಲ್ರಿ," ಅಂದ್ಳು. ಆಮ್ಯಾಲ ಹೊರಗ ನೋಡಕೋತ ಮೆಲ್ಲಗ ಮಾತಾಡಿದ್ಳು. ಅಂವ ಬರಲಾರದಿದ್ರ ರಾತ್ರಿ ಒಂದು ದಾಟಿದ ಕೂಡ್ಲೇ ಆಕಿ ಕೂಸಿನ್ನ ಎತ್ಕೊಂಡು ಬರಿಗಾಲಲೇ ಹೋಗಾಕಿ, ಅದೇ ದಾರಿ, ಅದೇ ತಂತಿ, ನಾಕರತನಕಾ ಅದರಾಗ ಕರೆಂಟ್ ಇತ್ತು. ನಿಮ್ಮನ್ನ ಉಳಸಾಕ ಬಂದಾನವ್ವಾ, ಪುಣ್ಯವಂತಿ ನೀ ಅಂತ ಓಣಿ ಹೆಂಗಸರೆಲ್ಲಾ ಅಂತಾರಂತ.

"ಅವರು ಅದಕ್ಕೇ ಬಂದಾರ, ನನಗ ಗೊತ್ತೈತ್ರಿ. ಅಲ್ಲಿ ಒಬ್ಬರೇ ಬಿದ್ದು... ನನ್ನ ಮಲಗಸಾಕ ಬಂದಾರ. ನಾ ಬಂದಾರಂತ ಹೊಟ್ಟಿ ತಂಪಾಗಿ ಮಲಗೀನ್ರಿ ಭಾವಾರ. ಅವರು ಮಣ್ಣಾಗ ಬಿದ್ದಾಗ ನಾ ನಿದ್ದಿ ಹೊಡದೇನಿ. ಯಾಕ ಬರಬೇಕಿತ್ತು? ಕೂಸಿನ ಸಲುವಾಗಿ ಹೂಂ ಅಂತೇನಿ. ನನ್ನ ಸಲುವಾಗಿ ಅವರ ಮ್ಯಾಲಿನ ಸಿಟ್ಟು ಹೋಗವಲ್ದು."

ಅತ್ಳು. ನಾನೂ ಅತ್ತೆ, ಸುಳ್ಯಾಕ ಹೇಳ್ಲಿ. ಏಳೂವಾಗ ಲೈಟ್ ನನ್ನ ಕಡಿ ಸರಿಸಿದ್ಳು. "ಇಲ್ಲೇ ಇರ್ಲಿ. ಮನ್ಯಾಗಿದ್ರ ರಾತ್ರಿ ಮಾಳಿಗಿ ಏರೂದು ಬಿಡೂದಿಲ್ಲ ನಾ," ಅಂದ್ಳು.

ಹಂಗಾಗಿ ಅದು ಇಲ್ಲೈತಿ. ಯಾರಿಗೂ ಕೊಡೂದಿಲ್ಲ.

ಮನ್ಯಾಗ ಮರತು ಹೋಗಿದ್ದ ಅಂತ ಈಗೂ ಮಂದಿ ಅಂತಾರ. ಅನ್ಲಿ. ಆ ಮುಂಜಾನಿ ಮೊಳಿಯಿಂದ ಅದನ್ನ ಕೆಳಗಿಳಿಸಿದಾಂವ ನಾನು, ಸುವರ್ಣಾಗ ನಿಲುಕಲಿಲ್ಲ. ಪಟ್ಟಿ ಮ್ಯಾಲ ತೋಟದ ಮಣ್ಣಿತ್ತು. ಇದರ ಬ್ಯಾಟರಿ ನಿಂತು ಉರದ್ರ ಎರಡು ತಾಸು, ಮಾರಿದಾಂವ ನಾ, ನನಗ ಗೊತ್ತಿಲ್ಲೇನು? ಒಂದಕ್ಕ ಮೊಳಿಗೆ ಹಾಕಿದ್ರ ಮೂರರೊಳಗ ಮುಗೀಬೇಕು, ನಾ ಹೋದಾಗ ಆರು ಹೊಡದಿತ್ತು. ಲೈಟ್ ಇನ್ನೂ ಉರೀತಿತ್ತು ಇಸ್ಮಾಯಿಲ... ಮಿಣುಕ್ತಿರ್ಲಿಲ್ಲ. ನಿಂತು ಉರೀತಿತ್ತು. ಈ ಕೈಲೇ ಗುಂಡಿ ಒತ್ತಿ ಆರಿಸೀನಿ.