ಬಂದರು ಹುಡುಕಲು ಬಿಟ್ಟ ಆಳು

ಆ ರಾತ್ರಿ ಆರ್ಲೆನ್ ನಡೆದೇ ಮನೆಗೆ ಹೊರಟಿದ್ದ. ಸಕ್ಕರೆ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಹೊರಗೆ ಬಂದರೆ ಅವನ ಗಾಡಿ ಚಳಿಗೆ ಕಲ್ಲಾಗಿತ್ತು. ಕೀಲಿ ತಿರುಗಿಸಿದ. ಟಿಕ್… ಅಂದಿತು. ಅಷ್ಟೇ.

ಆ ವರ್ಷ ಮಿನೆಸೋಟಾದ ಚಳಿ ಎಂಥದ್ದು ಅಂತೀರಿ? ಕಾರ್ಖಾನೆ ಬಾಗಿಲಲ್ಲಿ ನಾನು ಮೇಸ್ತ್ರಿಗೆ ಬೈದ ಬೈಗುಳ ಗಾಳಿಯಲ್ಲೇ ಹೆಪ್ಪುಗಟ್ಟಿ ನಿಂತಿತು. ಹಿಮ ಕರಗುವ ಕಾಲಕ್ಕೆ ಅದೂ ಕರಗಿ ಅವನ ಕಿವಿಗೆ ಬಿತ್ತು, ನನ್ನ ಕೆಲಸ ಹೋಯಿತು. ಇದನ್ನು ನಂಬದಿದ್ದರೆ ಬೇಡ, ಬಿಡಿ. ಆದರೆ ಆರ್ಲೆನ್ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಅವನಿಗೆ ಆಗಿದ್ದನ್ನು ನಂಬಲೇಬೇಕು.

ದಾರಿಯಲ್ಲಿ ಒಂದು ಹಾಳು ಬಾವಿ. ಅದರ ಕೈಪಂಪು ಗಾಳಿಗೆ ಕಿರ್ರ್… ಕಿರ್ರ್… ಅನ್ನುತ್ತಿತ್ತು. ಬಾವಿ ದಾಟಿದರೆ ಓರ್ವಲ್‌ನ ಮನೆ, ಅದರ ಪಕ್ಕದ್ದೇ ಆರ್ಲೆನ್‌ದು. ಓರ್ವಲ್ ಸತ್ತು ಆಗ ಒಂದು ತಿಂಗಳಾಗಿತ್ತೋ ಏನೋ. ಮನೆಯಲ್ಲಿ ಈಗ ಇದ್ದವಳು ಅವನ ತಂಗಿ ಹುಲ್ಡಾ ಒಬ್ಬಳೇ. ಮದುವೆಯಾಗದ ಮುದುಕಿ. ಊರಿಗೆಲ್ಲ ಅವಳು ಟಾಂಟೆ ಹುಲ್ಡಾ. ಟಾಂಟೆ ಅಂದರೆ ಆ ನಾರ್ವೆ ಕಡೆಯ ಜನರ ಬಾಯಲ್ಲಿ ಅತ್ತೆ.

ಆ ಮನೆಯ ಮುಂದೆ ಬಂದಾಗಲೆಲ್ಲ ಆರ್ಲೆನ್ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದ. ಆ ರಾತ್ರಿಯೂ ಹಾಗೇ ಹೊರಟಿದ್ದ. ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು.

ಟ್ರಿಣ್… ಟ್ರಿಣ್…

ಇಷ್ಟು ಹೊತ್ತಿನಲ್ಲಿ ಯಾರು? ಅಡುಗೆಮನೆಯ ಕಿಟಕಿಯಲ್ಲಿ ದೀಪ ಹತ್ತಿತು. ಮುದುಕಿ ಬಂದಳು, ರಿಸೀವರ್ ಎತ್ತಿ ಕಿವಿಗಿಟ್ಟಳು. ಮಾತಾಡಲಿಲ್ಲ. ಇಡಲೂ ಇಲ್ಲ. ಗೋಡೆಗೆ ಹಣೆ ಊರಿ ಸುಮ್ಮನೆ ನಿಂತಳು… ಗಾಜಿನಾಚೆ, ಹಿಮದಲ್ಲಿ ನಿಂತಿದ್ದ ಆರ್ಲೆನ್‌ಗೂ ಆ ಸದ್ದು ಕೇಳಿಸಿತು.

ಕ್ರೀ…ಈ… ಟೊಂಯ್… ಶ್‌ಶ್‌ಶ್…

ಅವನಿಗೆ ಗುರುತು ಸಿಕ್ಕಿತು. ಅದು ಅವನ ಆಳಿನ ಕೂಗು.

ಯಾವ ಆಳು ಅಂತ ಹೇಳಿಬಿಡುತ್ತೇನೆ. ಆಗ ಈಗಿನ ಹಾಗೆ ಇಂಟರ್ನೆಟ್ ಮನೆಮನೆಗೆ ಬಂದಿರಲಿಲ್ಲ. ಓರ್ವಲ್ ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸ ಮಾಡಿ ನಿವೃತ್ತನಾದವನು. ನೆಲಮಾಳಿಗೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದ. ತಂಗಿ ಮಲಗಿದ ಮೇಲೆ ಮನೆಯ ಫೋನಿನ ಲೈನನ್ನೇ ಅದಕ್ಕೆ ಸಿಕ್ಕಿಸುತ್ತಿದ್ದ. ಊರಿನವರು ತಮ್ಮ ತಮ್ಮ ಕಂಪ್ಯೂಟರಿನಿಂದ ಅಲ್ಲಿಗೆ ಫೋನು ಹಚ್ಚಿ ಆಟ ಆಡಬೇಕು. ಎರಡು ಕಂಪ್ಯೂಟರು ಫೋನಿನಲ್ಲಿ ಮಾತಾಡಿಕೊಳ್ಳುವಾಗ ಯಾರು ರಿಸೀವರ್ ಎತ್ತಿದರೂ ಕೇಳುವುದು ಆ ಕ್ರೀ ಕೂಗೊಂದೇ. ಲೈನು ಒಂದೇ. ಅದಕ್ಕೇ ಅವರಲ್ಲಿ ಒಂದು ಮರ್ಯಾದೆ ಇತ್ತು. ಗಂಟೆ ಹೊತ್ತು ಆಡು, ಲೈನು ಬಿಡು, ಇನ್ನೊಬ್ಬ ಬರಲಿ.

ಆಟ ಆಕಾಶದಲ್ಲಿ ವ್ಯಾಪಾರ ಮಾಡುವುದು. ಚಿತ್ರಗಿತ್ರ ಇಲ್ಲ, ಬರೀ ಅಕ್ಷರ. ಚೌಕಾಬಾರದ ಮನೆಗಳಂತೆ ಸಾವಿರಾರು ಮನೆ, ಎಲ್ಲ ಕತ್ತಲೆ. ಎಲ್ಲೋ ಒಂದೊಂದರಲ್ಲಿ ಬಂದರು. ಒಂದು ಬಂದರು ಅದಿರು ಮಾರುತ್ತದೆ, ಇನ್ನೊಂದು ಕೊಳ್ಳುತ್ತದೆ. ಅಂಥವೆರಡು ಅಕ್ಕಪಕ್ಕದಲ್ಲಿ ಸಿಕ್ಕರೆ ಹಡಗಿನವನು ಕುಬೇರ. ಆದರೆ ಹುಡುಕಬೇಕಲ್ಲ! ಆರ್ಲೆನ್ ಹುಡುಕಿ ಹುಡುಕಿ ಬೇಸತ್ತು ಒಂದು ಸ್ಕ್ರಿಪ್ಟ್ ಬರೆದ. ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಅಪ್ಪಣೆ. ಇವನು ಗೊರಕೆ ಹೊಡೆಯುತ್ತಿದ್ದರೆ ಅದು ಮನೆಮನೆ ಹೊಕ್ಕು ಬಂದರು ಎಲ್ಲಿದೆ ಅಂತ ಗುರುತು ಹಾಕಿಕೊಂಡು ಬರುತ್ತಿತ್ತು. ಸಂಬಳ ಕೇಳದ ಆಳು ಅನ್ನಿ.

ಓರ್ವಲ್‌ಗೆ ಗೊತ್ತಾಗಿತ್ತು. ಆಟದ ನಡುವೆ ತೆರೆಯ ಮೇಲೆ ಟೈಪು ಮಾಡಿ ಮಾತಾಡುವುದು ಅವನ ರೂಢಿ. ಒಂದೊಂದೇ ಅಕ್ಷರ, ನಡುವೆ ತಪ್ಪು, ಅಳಿಸಿ ಮತ್ತೆ.

"ಏನಯ್ಯಾ, ಆಡ್ತಿರೋದು ನೀನೋ ನಿನ್ನ ಆಳೋ?"

"ನಾನೇ ಓರ್ವಲ್."

"ಸುಳ್ಳು. ನೀನಾಗಿದ್ರೆ ಇಷ್ಟೊತ್ತಿಗೆ ನಾಲ್ಕು ಸಲ ದಾರಿ ತಪ್ತಿದ್ದೆ. ಆಡ್ಕೋ, ಆಡ್ಕೋ. ಹೊತ್ತು ಮುಗಿದ್ಮೇಲೆ ಮಾತ್ರ ಲೈನ್ ಬಿಡಪ್ಪ."

ಬಿಟ್ಟನೇ? ಆಸೆಗೆ ಕಣ್ಣಿಲ್ಲ. ಅವನು ಅಪ್ಪಣೆಗೆ ಇನ್ನೊಂದು ಸಾಲು ಸೇರಿಸಿದ. ಗಂಟೆ ಮುಗಿದ ಕೂಡಲೇ ಫೋನು ಇಡು, ಇಟ್ಟ ಕೂಡಲೇ ಬೇರೆ ಹೆಸರಿನಲ್ಲಿ ಮತ್ತೆ ಹಚ್ಚು. ಬೆಳಗಿನವರೆಗೂ.

ಹಾಗೆ ಮಾಡಿ ಮಲಗಿದ ಮೊದಲ ರಾತ್ರಿಯೇ ಓರ್ವಲ್ ಎದೆ ಹಿಡಿದುಕೊಂಡು ಬಚ್ಚಲಮನೆಯಲ್ಲಿ ಬಿದ್ದ.

ಹುಲ್ಡಾ ಅಡುಗೆಮನೆಗೆ ಓಡಿ ಫೋನು ಎತ್ತಿದಳು. ಕ್ರೀ… ಇಟ್ಟಳು, ಎತ್ತಿದಳು. ಕ್ರೀ… ಒಮ್ಮೆ ತಾನಾಗೇ ನಿಂತಿತು, ದೇವರೇ ಅಂತ ಕೈ ಹಾಕುವಷ್ಟರಲ್ಲಿ ಮತ್ತೆ ರಿಂಗಾಯಿತು. ಎತ್ತಿದರೆ ಮತ್ತದೇ. ನೆಲಮಾಳಿಗೆಗೆ ಇಳಿದಳು. ಅಲ್ಲಿ ಹಾವಿನ ಹುತ್ತದಂತೆ ತಂತಿಗಳು. ಯಾವುದನ್ನು ಕೀಳಬೇಕೋ ತಿಳಿಯದೆ ಅತ್ತಳು. ಕೊನೆಗೆ ಮನೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದು ಆರ್ಲೆನ್‌ನ ಬಾಗಿಲು ಬಡಿದಳು.

"ಫೋನು! ಅಣ್ಣ ಬಿದ್ದಿದಾನೆ… ಫೋನು!"

ಆರ್ಲೆನ್ ನಿದ್ದೆಗಣ್ಣಲ್ಲಿ ತನ್ನ ಫೋನು ಎತ್ತಿದ. ಕ್ರೀ… ಎದುರಿಗೇ ನಿಂತಿದ್ದ ಮುದುಕಿಗೂ ಅದು ಕೇಳಿಸಿತು. ಮಹಡಿಗೆ ಹಾರಿ ತಂತಿ ಕಿತ್ತು ಬಂದು ಆಂಬುಲೆನ್ಸ್ ಕರೆಸಿದ. ಅದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಿನ್ ಫೋನೂ ಹಾಗೇ ಕೂಗ್ತಲ್ಲ ಮಗಾ, ಯಾಕೆ?"

"ಚಳಿಗೆ… ತಂತಿ ಕೆಟ್ಟಿರಬೇಕು ಟಾಂಟೆ."

ಅವಳು ನಂಬಿದಳು. ಅಷ್ಟೇ ಆಗಿದ್ದರೆ ಇವನು ಹೇಗೋ ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವಳು ಇವನ ತೋಳು ಹಿಡಿಯುವಳು. "ಯಾವ ತಂತಿ ಕೀಳಬೇಕಿತ್ತು ಹೇಳೋ? ನಾನು ದಡ್ಡಿ. ಗೊತ್ತಿದ್ರೆ ಅಣ್ಣ ಬದುಕ್ತಿದ್ದ. ಕೈಯಾರೆ ಕೊಂದೆ ಅವನ್ನ." ಕೇಳಿದವರೆಲ್ಲ ಅಯ್ಯೋ ಪಾಪ ಅನ್ನುವರು. ಇವನು ಮಾತ್ರ ತನ್ನ ಬೂಟು ನೋಡಿಕೊಂಡು ನಿಲ್ಲುವನು.

ಮಣ್ಣು ಮಾಡಿದ ದಿನವೇ ಆರ್ಲೆನ್ ಆ ಸ್ಕ್ರಿಪ್ಟನ್ನು ಅಳಿಸಿಹಾಕಿದ್ದ. ಓರ್ವಲ್‌ನ ಕಂಪ್ಯೂಟರನ್ನು ಅವನ ಸೋದರಳಿಯ ಫಾರ್ಗೋ ಪಟ್ಟಣಕ್ಕೆ ಒಯ್ದಿದ್ದ. ಹಚ್ಚುವ ಆಳೂ ಇಲ್ಲ, ಎತ್ತುವ ಯಂತ್ರವೂ ಇಲ್ಲ. ಹಾಗಾದರೆ ಈಗ ಕೂಗುತ್ತಿರುವುದು ಏನು?

ಆರ್ಲೆನ್ ತನ್ನ ಮನೆಗೆ ಓಡಿದ. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು… ಕ್ರೀ… ಕತ್ತಲ ಕೋಣೆಯಲ್ಲಿ ತೆರೆ ಹಸಿರಾಗಿ ಉರಿಯುತ್ತಿತ್ತು. ಆಳು ಕೆಲಸದಲ್ಲಿತ್ತು. ಈ ಮನೆಯಲ್ಲಿ ಬಂದರು ಇಲ್ಲ. ಈ ಮನೆಯಲ್ಲೂ ಇಲ್ಲ. ಇಲ್ಲ. ಇಲ್ಲ… ಸಾಲಿನ ಮೇಲೆ ಸಾಲು ಸರ್ರನೆ ಏರುತ್ತಿತ್ತು.

ಅವನು ತಂತಿ ಕಿತ್ತ. ಫೋನಿನದೂ ಕಿತ್ತ, ಕರೆಂಟಿನದೂ ಕಿತ್ತ. ತೆರೆ ಆರಿತು. ಯಂತ್ರವನ್ನು ಹೊತ್ತುಕೊಂಡು ಹೋಗಿ ಹಿತ್ತಲ ಕೊಟ್ಟಿಗೆಯಲ್ಲಿ ಹಾಕಿ ಬೀಗ ಜಡಿದ.

ಮರುರಾತ್ರಿ ಹಾಸಿಗೆಯಲ್ಲಿ ಕಿವಿ ತೆರೆದು ಮಲಗಿದ್ದ. ಟ್ರಿಣ್… ಟ್ರಿಣ್… ಪಕ್ಕದ ಮನೆಯದು. ಎದ್ದು ಹೊರಗೆ ನೋಡಿದ. ಕಿಟಕಿಯಲ್ಲಿ ದೀಪ ಹತ್ತಿತು. ಅವಳು ಗೋಡೆಗೆ ಹಣೆ ಊರಿದಳು.

ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದ. ಬೀಗ ಹಾಗೇ ಇತ್ತು. ಬಾಗಿಲ ಸಂದಿಯಲ್ಲಿ ಹಸಿರು ಬೆಳಕು… ಬೀಗ ತೆಗೆದರೆ ಒಳಗೆ ಯಂತ್ರ ಹಾಕಿದ್ದಲ್ಲೇ ಬಿದ್ದಿತ್ತು. ತಂತಿಗಳು ನೆಲದ ಮೇಲೆ, ಎಲ್ಲಿಗೂ ಸೇರಿಲ್ಲ. ತೆರೆಯ ಮೇಲಿನ ಸಾಲುಗಳು ಇವನು ಬಂದದ್ದು ಗೊತ್ತಾದವರಂತೆ ಗಕ್ಕನೆ ನಿಂತವು.

ಆಮೇಲೆ ಒಂದು ಅಕ್ಷರ ಮೂಡಿತು. ಟಕ್. ಇನ್ನೊಂದು. ಟಕ್… ತಪ್ಪಾಯಿತು. ಅಳಿಸಿತು. ಮತ್ತೆ ಟಕ್.

"ಆರ್ಲೆನ್."

ಅವನು ತೆರೆಯತ್ತ ಬಗ್ಗಿದ. "ಓರ್ವಲ್…?" ಅಂತ ಪಿಸುಗುಟ್ಟಿದ.

ಟಕ್… ಟಕ್…

"ಲೈನ್ ಬಿಡಪ್ಪ."

"ಬಿಟ್ಟಿದೀನಿ! ಎಲ್ಲ ಕಿತ್ತು ಹಾಕಿದೀನಿ, ನೋಡು!"

ಆಮೇಲೆ…

"ತಂಗಿ ಇನ್ನೂ ಫೋನ್ ಹಿಡ್ಕೊಂಡೇ ನಿಂತಿದಾಳೆ."

ತೆರೆ ಆರಿತು.

ಆರ್ಲೆನ್ ಕೋಟು ಸಹ ಹಾಕಿಕೊಳ್ಳದೆ ಆ ಹಿಮ ದಾಟಿದ. ಬಾಗಿಲು ತೆರೆದ ಮುದುಕಿ ಇವನನ್ನು ಮೇಲಿಂದ ಕೆಳಗೆ ನೋಡಿದಳು. "ಹುಚ್ಚ, ಸಾಯ್ತೀಯ. ಒಳಗ್ ಬಾ." ಕಾಫಿ ಬಿಸಿಗಿಟ್ಟಳು. ಅವಳು ಬೆನ್ನು ತಿರುಗಿಸಿ ನಿಂತಿದ್ದಾಗಲೇ ಇವನು ಹೇಳಿಬಿಟ್ಟ. ಮುಖ ನೋಡುತ್ತ ಹೇಳಲು ಆಗುತ್ತಿರಲಿಲ್ಲ.

"ಟಾಂಟೆ, ಯಾವ ತಂತಿನೂ ನೀವು ಕೀಳಬೇಕಾಗಿರ್ಲಿಲ್ಲ. ಲೈನ್ ಹಿಡ್ಕೊಂಡಿದ್ದು ನಾನು. ಆಟಕ್ಕೆ. ಬೆಳಗಿನವರೆಗೂ ಬಿಡಬಾರದು ಅಂತ ಬರೆದಿಟ್ಟು ಮಲಗಿದ್ದೆ. ಚಳಿ ಅಂದಿದ್ದು ಸುಳ್ಳು."

ಕಾಫಿ ಉಕ್ಕಿ ಒಲೆಯ ಮೇಲೆ ಚುಂಯ್ ಅಂದಿತು. ಅವಳು ಇಳಿಸಲಿಲ್ಲ.

"ಆಟಕ್ಕೆ," ಅಂದಳು.

"ಹೌದು."

"ಗೆದ್ಯಾ?"

ಓರ್ವಲ್ ಬಿದ್ದ ರಾತ್ರಿಯೇ ಆಳಿಗೆ ಜೋಡಿ ಬಂದರು ಸಿಕ್ಕಿತ್ತು. ಹೌದು ಅಂತ ಅವನು ತಲೆ ಆಡಿಸಿದ.

ಅವಳು ಕುರ್ಚಿಯ ಮೇಲೆ ಕುಸಿದಳು. ಅತ್ತಳು ಅಂತ ನೀವು ಅಂದುಕೊಂಡರೆ ಇಲ್ಲ. ದೊಡ್ಡದೊಂದು ಉಸಿರು ಬಿಟ್ಟಳು… ತಿಂಗಳಿಂದ ಹಿಡಿದಿಟ್ಟುಕೊಂಡಿದ್ದವಳ ಹಾಗೆ. "ಹಾಗಾದ್ರೆ ನಾನಲ್ಲ," ಅಂದಳು. ಇನ್ನೊಮ್ಮೆ, ತನಗೇ ಹೇಳಿಕೊಂಡಳು. "ನಾನಲ್ಲ."

"ನೀವಲ್ಲ ಟಾಂಟೆ."

"ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ? ಚರ್ಚ್ ಮುಂದೆ ನಾನು ಬಾಯಿ ಬಡ್ಕೊಳ್ಳೋದನ್ನ ನೋಡ್ತಾ ನಿಂತಿದ್ಯಲ್ಲೋ, ಮರದ ಮೋಟಿನ ಹಾಗೆ!" ಎದ್ದು ಬಂದು ಅವನ ಕೆನ್ನೆಗೆ ಒಂದು ಬಿಗಿದಳು. ಮುದುಕಿಯ ಏಟು, ಪೆಟ್ಟಾಗಲಿಲ್ಲ. ಆಮೇಲೆ ಗೂಟದ ಮೇಲಿದ್ದ ಅಣ್ಣನ ಕೋಟು ತೆಗೆದು ಅವನ ಎದೆಗೆ ಒತ್ತಿದಳು. "ಹಾಕ್ಕೊಂಡು ತೊಲಗು. ನಿನ್ನ ಮುಖ ಸದ್ಯಕ್ಕೆ ತೋರಿಸ್ಬೇಡ."

ಅವನು ಹೊರಡುವಾಗ ನೋಡಿದ. ಗೋಡೆಯ ಫೋನಿನ ರಿಸೀವರ್ ಇನ್ನೂ ತಂತಿಯಲ್ಲಿ ಜೋತಾಡುತ್ತಿತ್ತು, ಅವಳು ಇಡುವುದನ್ನೇ ಮರೆತಿದ್ದಳು. ಎತ್ತಿ ಕಿವಿಗಿಟ್ಟ. ಕೂಗು ಇಲ್ಲ. ಗುಂಯ್… ಅಂತ ಬರೀ ಖಾಲಿ ಲೈನು. ಮೆಲ್ಲನೆ ಇಟ್ಟ.

ಅಂದಿನಿಂದ ಆ ಮನೆಯಲ್ಲಿ ರಾತ್ರಿ ಫೋನು ರಿಂಗಾಗಿಲ್ಲ. ಕ್ಷಮಿಸಿದಳೋ ಇಲ್ಲವೋ ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಇನ್ನೊಂದು ಮಾತಿದೆ. ಆ ಅಡುಗೆಮನೆಯ ಗೋಡೆ ಉತ್ತರದ ಕಡೆಯದು, ಚಳಿಗಾಲದಲ್ಲಿ ಒಳಗಡೆಯೂ ಮಂಜು ಕಟ್ಟುತ್ತಿತ್ತು. ಹುಲ್ಡಾಗೆ ಫೋನು ಮಾಡುವವರು ಯಾರೂ ಇರಲಿಲ್ಲ. ಆದರೂ ಮುಂಜಾನೆ ಹೊತ್ತು ಆ ರಿಸೀವರ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಈಗಷ್ಟೇ ಯಾರೋ ಮಾತಾಡಿ ಇಟ್ಟ ಹಾಗೆ. ಬೈಗುಳ ಹೆಪ್ಪುಗಟ್ಟಿದ್ದು ಬೇಕಾದರೆ ಸುಳ್ಳು ಅನ್ನಿ. ಇದು ಸುಳ್ಳಲ್ಲ. ಹೆಂಡತಿ ಕಳಿಸಿದ ರೊಟ್ಟಿ ಕೊಡಲು ಹೋದಾಗ ನಾನೇ ಈ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಬೆಚ್ಚಗಿತ್ತು.