ಬಿರುಕಿಗೆ ಅಡ್ಡ ಬೀರು

ಬಸ್ ನಿಲ್ದಾಣದ ಬೆಂಚಿನಲ್ಲಿ ದರ್ಜಿಯೊಬ್ಬನ ಪಕ್ಕ ಕುಳಿತ ಗಂಡ ಹೆಂಡತಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ನಾಳೆ ಬ್ಯಾಂಕಿನವರು ನಾವು ಕೊಳ್ಳೋ ಮನೆಗೆ ಬೆಲೆ ಕಟ್ಟೋಕೆ ಬರ್ತಾರೆ. ಗೋಡೆ ಬಿರುಕು ಅವರ ಕಣ್ಣಿಗೆ ಬಿದ್ರೆ ನಮಗೆ ಸಾಲ ಹುಟ್ಟಲ್ಲ,” ಎಂದ ಗಂಡ.

“ಮಾರೋರು ಏನಂದ್ರು?”

“ತಮ್ಮ ಬೀರು ಅಡ್ಡ ಇಡ್ತಾರಂತೆ. ಭಾರ ಇದೆ, ಒಂದು ಕೈ ಹಿಡಿಯೋಕೆ ನಾನೂ ಹೋಗ್ತೀನಿ.”

“ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಳ್ಳೋದಾ?”

“ಬಾಡಿಗೆ ಮನೆ ಬಿಡ್ತೀವಿ ಅಂತ ಹೇಳಾಯ್ತಲ್ಲ. ಇನ್ನೆಲ್ಲಿಗೆ ಹೋಗೋಣ?”

ಬಸ್ಸು ಬಂತು. ಗಂಡ ಚೀಲ ಎತ್ತಿಕೊಂಡು ಎದ್ದ. ಹೆಂಡತಿ ಕೂತೇ ಇದ್ದಳು.

“ಮನೆ ಖಾಲಿ ಮಾಡುವಾಗ ಆ ಬೀರು ನಮಗೆ ಬಿಟ್ಟು ಹೋಗ್ತಾರೇನ್ರೀ?”

“ಮೊದಲು ಬಸ್ಸು ಹತ್ತು,” ಎಂದು ಗಂಡ ಅವಳ ಮುಖ ನೋಡದೆ ನಡೆದ.