ಗೇಟಿನೊಳಗೆ ನುಗ್ಗುವ ಯಂತ್ರ

ಮೊಣಕೈ ನೋವೆಂದು ಬಂದಿದ್ದ ದರ್ಜಿ ಎಕ್ಸ್‌ರೇ ಕೋಣೆಯೆದುರು ಕೂತಿದ್ದ. ಪಕ್ಕದಲ್ಲಿ ಮರ ಸವರುವ ಗಂಡ-ಹೆಂಡತಿ. ಗಂಡನ ಕಾಲಿಗೆ ಪ್ಲಾಸ್ಟರು, ಕೈಯಲ್ಲಿ ಆಳನ್ನು ಮೇಲೆತ್ತುವ ಯಂತ್ರದ ಚಿತ್ರ.

“ಇದು ಎಪ್ಪತ್ತಡಿ ಏರುತ್ತೆ ಕಣೇ.”

“ನಾವು ಸವರೋದು ಹಿತ್ತಲ ಮರ. ಈ ಆನೆ ಯಾರ ಮನೆ ಗೇಟಲ್ಲಿ ನುಗ್ಗುತ್ತೆ? ಕಾಂಪೌಂಡ್ ಒಡೀತೀರಾ?”

“ಸಣ್ಣದು ತಂದ್ರೆ ಜನ ನಗ್ತಾರೆ.”

“ಏಣಿಯಿಂದ ಬಿದ್ದಾಗ ನಕ್ಕಿದ್ದು ಸಾಲದಾ?”

“ಮೇಲೆ ಹತ್ತೋ ಕಷ್ಟ ನಿನಗೇನು ಗೊತ್ತು?”

“ತಿಂಗಳಿಂದ ಹತ್ತುತ್ತಿರೋದು ಯಾರು, ನಿಮ್ಮಜ್ಜಿನಾ? ಸಣ್ಣದೇ ಸಾಕು ಅಂತ ನಾನಾಗ್ಲೇ ಅಂಗಡೀಲಿ ಹೇಳಿ ಬಂದಾಯ್ತು.”

ದರ್ಜಿ ನಗು ನುಂಗಿಕೊಂಡು ಗೋಡೆ ನೋಡಿದ. ಒಳಗಿನಿಂದ ಗಂಡನ ಹೆಸರು ಕೂಗಿದರು. ಅವಳು ಗಂಡನ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದಳು.

“ಮೇಲೆ ಹೋದಾಗ ಭಯ ಆಗಲ್ವೇನೇ?” ಅವನ ದನಿ ತಗ್ಗಿತ್ತು.

“ಆಗುತ್ತೆ. ಅದಕ್ಕೇ ನಾನಿನ್ನೂ ಬಿದ್ದಿಲ್ಲ” ಎನ್ನುತ್ತಾ ಅವನನ್ನು ಒಳಗೆ ನಡೆಸಿಕೊಂಡು ಹೋದಳು.